ಬೆಟ್ಟದ ಬುಡದ ಪಾಂಡವರ ಮನೆಗಳು

ಬೆಂಗಳೂರಿನಿಂದ ಮೈಸೂರಿನ ಕಡೆಗೆ ಹೊರಟ ರೈಲುಗಾಡಿ ಬಿಡದಿಯನ್ನು ದಾಟುತ್ತಲೇ ಕಿಟಕಿಯ ಹೊರಗಿನ ನೋಟ ಬದಲಾಗುತ್ತದೆ. ಅದುವರೆಗೆ ಸಮತಟ್ಟಾಗಿ ಹರಡಿಕೊಂಡಿದ್ದ ನೆಲದ ನಡುವೆ ಬೋಳುಬಂಡೆಗಳು ಒಂದೊಂದಾಗಿ ತಲೆಯೆತ್ತತೊಡಗುತ್ತವೆ. ಒಂದು ಮಲಗಿದ ಆನೆಯ ಬೆನ್ನಿನಂತೆ. ಇನ್ನೊಂದು ಯಾರೋ ಗುಂಡುಗಳನ್ನು ಹೊತ್ತು ತಂದು ಒಂದರ ಮೇಲೊಂದು ಪೇರಿಸಿಟ್ಟು ಹೋದಂತೆ. ಮತ್ತೊಂದು ಕತ್ತಿಯಿಂದ ಕಡಿದಂತೆ ನೆಟ್ಟಗೆ ಇಳಿದ ಗೋಡೆ. 2023ರಲ್ಲಿ ಉದ್ಘಾಟನೆಯಾದ ಹೊಸ ಹೆದ್ದಾರಿ ರಾಮನಗರ, ಚನ್ನಪಟ್ಟಣಗಳನ್ನು ಬಳಸಿಕೊಂಡು ಹೋಗುವುದರಿಂದ ಮೋಟಾರಿನಲ್ಲಿ ಹೋಗುವವರಿಗೆ ಈ ಬೆಟ್ಟಗಳು ಈಗ ಕಣ್ಣಿಗೆ ಬಿದ್ದ ಮರುಗಳಿಗೆಯೇ ಹಿಂದಾಗಿರುತ್ತವೆ. ನೋಡಬೇಕೆನ್ನುವವರು ರೈಲಿನಲ್ಲಿ ಹೋಗುವುದೇ ಲೇಸು. ಅದರಲ್ಲಿಯೂ ನಿಲ್ದಾಣಕ್ಕೊಮ್ಮೆ ನಿಲ್ಲುವ ನಿಧಾನದ ಗಾಡಿಯಲ್ಲಿ.

ಬೆಟ್ಟಗಳ ಸಾಲೆಂದರೆ ಕನ್ನಡಿಗರ ಮನಸ್ಸಿಗೆ ಮೊದಲು ಬರುವುದು ಸಹ್ಯಾದ್ರಿ. ಕರಾವಳಿಗೆ ಗೋಡೆಯಂತೆ ನಿಂತು, ಕಡಲಿನ ಮೋಡಗಳನ್ನು ತಡೆದು, ಮಳೆ ಸುರಿಸಿ, ದಟ್ಟವಾದ ಕಾಡನ್ನು ಹೊದ್ದುಕೊಂಡಿರುವ ಆ ಮಹಾಶ್ರೇಣಿಯ ಮುಂದೆ ಮಾಗಡಿ, ರಾಮನಗರ, ಕನಕಪುರ, ಚನ್ನಪಟ್ಟಣಗಳ ಈ ಬೆಟ್ಟಗಳು ಬಡವರ ಮನೆಯ ಮಕ್ಕಳಂತೆ ಕಾಣುವುದುಂಟು. ಇಲ್ಲಿ ಕಡಲಿಲ್ಲ, ಹೆಮ್ಮರಗಳಿಲ್ಲ. ಇರುವುದು ಬಿಸಿಲಿಗೆ ಕಾದ ಕಲ್ಲು, ಕಲ್ಲಿನ ಸಂದಿನಲ್ಲಿ ಕುರುಚಲು ಗಿಡ, ಬುಡದಲ್ಲಿ ರಾಗಿಯ ಹೊಲ, ಹಿಪ್ಪುನೇರಳೆಯ ತೋಟ. ಇಲ್ಲಿ ಬಿದ್ದ ಮಳೆ ಅರ್ಕಾವತಿ, ಕಣ್ವ, ಶಿಂಷೆಗಳ ದಾರಿ ಹಿಡಿದು ಕಾವೇರಿಗೆ ಸೇರಿ ದೂರದ ಮೂಡಣ ಕಡಲನ್ನು ಮುಟ್ಟುತ್ತದೆ. ಆದರೂ ಹಳಮೆಯ ವಿಷಯಕ್ಕೆ ಬಂದರೆ ಈ ಬಡವರ ಮಕ್ಕಳು ಯಾವ ಸಿರಿವಂತರಿಗೂ ತಲೆಬಾಗಬೇಕಾಗಿಲ್ಲ. ಉತ್ತರದಲ್ಲಿ ಮಾಗಡಿಯ ಸಾವನದುರ್ಗ, ನಡುವೆ ರಾಮದೇವರ ಬೆಟ್ಟ ಮತ್ತು ರೇವಣಸಿದ್ಧೇಶ್ವರ ಬೆಟ್ಟ, ಚನ್ನಪಟ್ಟಣದ ಆಗ್ನೇಯಕ್ಕೆ ಕಬ್ಬಾಳದುರ್ಗ, ಅವುಗಳ ಸುತ್ತ ಹೆಸರಿರುವ ಮತ್ತು ಹೆಸರಿಲ್ಲದ ನೂರಾರು ಗುಡ್ಡಗಳು. ಚನ್ನಪಟ್ಟಣ ತಾಲ್ಲೂಕಿನ ಅಕ್ಕೂರಿನಂಥ ಹಳ್ಳಿಯವರಿಗೆ ಬೆಟ್ಟವೆಂದರೆ ನೋಡಿ ಬೆರಗಾಗುವ ವಸ್ತುವಲ್ಲ. ಅದು ದಿಕ್ಕು, ಅದು ದನ ಮೇಯುವ ಜಾಗ, ಅದು ಮಂಗಳವಾರ ಶುಕ್ರವಾರಗಳಲ್ಲಿ ಕೈಮುಗಿಯುವ ತಾಯಿ ಕಬ್ಬಾಳಮ್ಮನ ನೆಲೆ.

ಈ ಕಲ್ಲಿನ ವಯಸ್ಸನ್ನು ಮೊದಲು ಹೇಳಿಬಿಡಬೇಕು. ಭೂವಿಜ್ಞಾನಿಗಳ ಲೆಕ್ಕದಲ್ಲಿ ಅದು ಸುಮಾರು 250 ಕೋಟಿ ವರ್ಷ. ಹಿಮಾಲಯ ಮೇಲೇಳಲು ಆರಂಭವಾಗಿ ಕಳೆದಿರುವುದು ಹೆಚ್ಚುಕಡಿಮೆ ಐದು ಕೋಟಿ ವರ್ಷ ಎಂಬುದನ್ನು ನೆನೆದರೆ ಯಾರು ಅಜ್ಜ, ಯಾರು ಮೊಮ್ಮಗ ಎಂಬುದು ತಿಳಿಯುತ್ತದೆ. ಭೂಮಿಯ ಒಡಲಿನಲ್ಲಿ ಬಹು ಆಳದಲ್ಲಿ ಕರಗಿದ ಶಿಲೆ ಮೆಲ್ಲಗೆ ತಣಿದು ಗಟ್ಟಿಯಾಯಿತು. ಮೇಲಿದ್ದ ಹೊದಿಕೆಯನ್ನು ಮಳೆಗಾಳಿಗಳು ಕೋಟ್ಯಂತರ ವರ್ಷ ಸವೆಸಿದ ಮೇಲೆ ಈ ಒಳಗಲ್ಲು ಬೆಳಕು ಕಂಡಿತು. ಇಲ್ಲಿಂದ ಉತ್ತರಕ್ಕೆ ಬಳ್ಳಾರಿಯ ಸೀಮೆಯವರೆಗೂ, ಸುಮಾರು 400 ಕಿಲೋಮೀಟರು ಉದ್ದಕ್ಕೆ ಒಂದು ಪಟ್ಟಿಯಂತೆ ಇದೇ ಶಿಲೆ ಹಾಸಿಕೊಂಡಿದೆ. ಜಗತ್ತಿನ ಭೂವಿಜ್ಞಾನದ ಗ್ರಂಥಗಳಲ್ಲಿ ಅದಕ್ಕೆ ಕ್ಲೋಸ್‌ಪೇಟೆ ಗ್ರಾನೈಟು ಎಂದು ಹೆಸರು. ಕ್ಲೋಸ್‌ಪೇಟೆ ಎಂದರೆ ರಾಮನಗರವೇ. ದಿವಾನ್ ಪೂರ್ಣಯ್ಯನವರು 1800ರ ಸುಮಾರಿಗೆ ಮೈಸೂರಿನ ರೆಸಿಡೆಂಟನಾಗಿದ್ದ ಬ್ಯಾರಿ ಕ್ಲೋಸನ ಹೆಸರಿನಲ್ಲಿ ಕಟ್ಟಿಸಿದ ಪೇಟೆ ಅದು. ಸ್ವಾತಂತ್ರ್ಯ ಬಂದ ಮೇಲೆ ಊರು ರಾಮನಗರವಾಯಿತು. 2007ರಲ್ಲಿ ಅದರ ಹೆಸರಿನ ಜಿಲ್ಲೆಯೊಂದು ಹುಟ್ಟಿತು. 2025ರಲ್ಲಿ ಆ ಜಿಲ್ಲೆಯನ್ನು ಬೆಂಗಳೂರು ದಕ್ಷಿಣವೆಂದು ಕರೆಯಲು ರಾಜ್ಯದ ಸಚಿವ ಸಂಪುಟ ತೀರ್ಮಾನಿಸಿತು. ಊರಿನಲ್ಲಿ ಯಾರೂ ಕ್ಲೋಸನನ್ನು ನೆನೆಯದಿದ್ದರೂ ಕಲ್ಲು ಮಾತ್ರ ಅವನ ಹೆಸರನ್ನು ಬಿಟ್ಟುಕೊಟ್ಟಿಲ್ಲ.

ಕಲ್ಲಿನ ಕಥೆ ಇಷ್ಟಕ್ಕೇ ಮುಗಿಯುವುದಿಲ್ಲ. ಕಬ್ಬಾಳದುರ್ಗದ ಬುಡದಲ್ಲಿದ್ದ ಒಂದು ಕಲ್ಲುಗಣಿಯನ್ನು ನೋಡಿಬಂದ ಮೈಸೂರಿನ ಭೂವಿಜ್ಞಾನಿ ಸಿ. ಎಸ್. ಪಿಚ್ಚಮುತ್ತು ಅವರು 1960ರಲ್ಲಿ ಲಂಡನ್ನಿನ ‘ನೇಚರ್’ ಪತ್ರಿಕೆಯಲ್ಲಿ ಎರಡು ಪುಟಗಳ ಒಂದು ಲೇಖನ ಪ್ರಕಟಿಸಿದರು. ಬೂದುಬಣ್ಣದ ಬಂಡೆಯ ನಡುವೆ ಅಲ್ಲಲ್ಲಿ, ಬಟ್ಟೆಯ ಮೇಲೆ ಎಣ್ಣೆ ಹರಡಿದಂತೆ, ಹಸಿರುಗಪ್ಪು ಬಣ್ಣದ ತೇಪೆಗಳಿರುವುದನ್ನು ಅವರು ಗುರುತಿಸಿದ್ದರು. ಒಂದು ಬಗೆಯ ಶಿಲೆ ಮತ್ತೊಂದು ಬಗೆಯ ಶಿಲೆಯಾಗಿ ಮಾರ್ಪಡುತ್ತಿದ್ದಾಗ ನಡುದಾರಿಯಲ್ಲಿಯೇ ನಿಂತುಹೋದ ಸ್ಥಿತಿ ಅದು. ಅಡಿಗೆಯ ಮಧ್ಯದಲ್ಲಿ ಮುಚ್ಚಳ ತೆಗೆದು ನೋಡಿದಂತೆ! ಅಂದಿನಿಂದ ದೇಶದೇಶಗಳ ವಿಜ್ಞಾನಿಗಳು ಈ ಮೂಲೆಯ ಗಣಿಯನ್ನು ಹುಡುಕಿಕೊಂಡು ಬಂದರು. ಮೈಸೂರು ವಿಶ್ವವಿದ್ಯಾನಿಲಯದ ಎ. ಎಸ್. ಜನಾರ್ದನ್ ಮತ್ತು ಅವರ ಅಮೆರಿಕದ ಸಹೋದ್ಯೋಗಿಗಳು, ಭೂಮಿಯ ಆಳದಿಂದ ಮೇಲಕ್ಕೆ ಒಸರಿದ ಇಂಗಾಲಾಮ್ಲದಿಂದ ಈ ಮಾರ್ಪಾಟು ಆಯಿತೆಂದು 1982ರಲ್ಲಿ ವಾದಿಸಿದರು. ಆ ಹಸಿರುಗಪ್ಪು ಶಿಲೆಯ ಹೆಸರು ಚಾರ್ನೊಕೈಟು. ಕಲ್ಕತ್ತೆಯ ಹುಟ್ಟಿನೊಂದಿಗೆ ಹೆಸರು ಬೆರೆತಿರುವ ಜಾಬ್ ಚಾರ್ನಾಕ್ ಎಂಬ ಆಂಗ್ಲ ವರ್ತಕನ ಗೋರಿಯ ಮೇಲಿನ ಕಲ್ಲು ಈ ಜಾತಿಯದು. ಅದನ್ನು ಪರೀಕ್ಷಿಸಿದ ಭೂವಿಜ್ಞಾನಿ ಹಾಲೆಂಡ್, ಸತ್ತವನ ಹೆಸರನ್ನೇ ಕಲ್ಲಿಗೆ ಇಟ್ಟ. ಹೀಗೆ ಗೋರಿಯಿಂದ ಹೆಸರು ಪಡೆದ ಶಿಲೆ ಹುಟ್ಟುವ ಬಗೆಯನ್ನು ತೋರಿಸಿಕೊಟ್ಟ ಈ ಸೀಮೆಯಲ್ಲಿಯೇ, ಚಾರ್ನಾಕನಿಗಿಂತ ಎರಡು ಸಾವಿರ ವರ್ಷಗಳಿಗೂ ಹಿಂದೆ, ಸತ್ತವರಿಗಾಗಿ ಕಲ್ಲು ಎಬ್ಬಿಸಿ ನಿಲ್ಲಿಸಿದ ಜನ ಬಾಳಿದ್ದರು. ಈ ಬೆಟ್ಟಗಳಲ್ಲಿ ಎಲ್ಲಕ್ಕಿಂತ ಹಳೆಯದಾದ, ಎಲ್ಲರೂ ಮರೆತಿರುವ ಮಾನವ ಸ್ಮಾರಕಗಳು ಅವರವೇ.

ಆದರೆ ಪ್ರವಾಸಿಗಳು ಇಲ್ಲಿಗೆ ಬರುವುದು ಅವರನ್ನು ಹುಡುಕಿಕೊಂಡಲ್ಲ. ಬಹಳ ಮಂದಿ ಬರುವುದು 1975ರಲ್ಲಿ ತೆರೆಕಂಡ ‘ಶೋಲೆ’ ಚಿತ್ರದ ನೆನಪಿನಿಂದ. ಗಬ್ಬರ್ ಸಿಂಗ್ ನಿಂತ ಬಂಡೆ ಯಾವುದೆಂದು ಕೇಳಿದರೆ ಸಣ್ಣ ಹುಡುಗರೂ ಕೈ ತೋರುತ್ತಾರೆ. 1984ರಲ್ಲಿ ಹೊರಬಂದ ‘ಎ ಪ್ಯಾಸೇಜ್ ಟು ಇಂಡಿಯಾ’ ಎಂಬ ಆಂಗ್ಲ ಚಿತ್ರದ ಗುಹೆಗಳ ದೃಶ್ಯಗಳಿಗೂ ಈ ಬೆಟ್ಟಗಳೇ ಹಿನ್ನೆಲೆಯಾದವು. ಇನ್ನು ಕೆಲವರು ಬರುವುದು ಕೋಟೆಗಳಿಗಾಗಿ. ಅದೂ ತಪ್ಪಲ್ಲ. 1226 ಮೀಟರು ಎತ್ತರದ ಸಾವನದುರ್ಗ ಒಂದೇ ಬಂಡೆಯೋ ಎನ್ನುವಂತೆ ನಿಂತಿರುವ ಬೆಟ್ಟ. ಬಿಳಿಗುಡ್ಡ, ಕರಿಗುಡ್ಡ ಎಂದು ಅದಕ್ಕೆ ಎರಡು ನೆತ್ತಿ. ಹೊಯ್ಸಳ ಮುಮ್ಮಡಿ ಬಲ್ಲಾಳನ ಕಾಲದ, 1340ರ, ಮಾಡಬಾಳಿನ ಶಾಸನದಲ್ಲಿ ಇದರ ಹೆಸರು ‘ಸಾವಂದಿ’ ಎಂದಿದೆ. ಮುಂದೆ ಮಾಗಡಿಯ ಕೆಂಪೇಗೌಡರ ಮನೆತನದ ಆಶ್ರಯವಾಗಿದ್ದ ದುರ್ಗ 1728ರಲ್ಲಿ ಮೈಸೂರಿನ ದಳವಾಯಿಯ ವಶವಾಯಿತು. ಕಾರ್ನ್‌ವಾಲಿಸನ ಸೈನ್ಯ 1791ರ ಡಿಸೆಂಬರ್ 21ರಂದು ಟಿಪ್ಪುವಿನ ಕೈಯಿಂದ ಅದನ್ನು ಕಿತ್ತುಕೊಂಡಿತು. ಆ ದಂಡಿನೊಡನೆ ಬಂದಿದ್ದ ಚಿತ್ರಕಾರ ರಾಬರ್ಟ್ ಹೋಮ್ ಈ ದುರ್ಗಗಳನ್ನು ಚಿತ್ರಿಸಿ 1794ರಲ್ಲಿ ಪುಸ್ತಕವಾಗಿ ಅಚ್ಚುಮಾಡಿಸಿದ. ಕಬ್ಬಾಳದುರ್ಗದ ಕಥೆ ಇನ್ನೂ ಕರುಣಾಜನಕ. ಅದು ಸೆರೆಮನೆಯಾಗಿತ್ತು. 1734ರಲ್ಲಿ ದಳವಾಯಿಗಳು ಪಟ್ಟದಿಂದ ಇಳಿಸಿದ ಮೈಸೂರಿನ ದೊರೆ ಏಳನೆಯ ಚಾಮರಾಜ ಒಡೆಯರು ಕೊನೆಯುಸಿರೆಳೆದದ್ದು ಅಲ್ಲಿ.

ಈ ರಾಜರು, ದಳವಾಯಿಗಳು, ದಂಡಿನವರು ಎಲ್ಲರೂ ನಿನ್ನೆ ಮೊನ್ನೆಯವರು ಎನ್ನಿಸಬೇಕಾದರೆ ದುರ್ಗದ ನೆತ್ತಿಯಿಂದ ಇಳಿದು ಬುಡಕ್ಕೆ ಬರಬೇಕು.

ಭಾರತದ ಭೂಮಾಪನ ಇಲಾಖೆಯ ಬ್ರಾನ್‌ಫಿಲ್ ಎಂಬ ಅಧಿಕಾರಿ 1881ರಲ್ಲಿ ‘ಇಂಡಿಯನ್ ಆಂಟಿಕ್ವರಿ’ ಪತ್ರಿಕೆಯಲ್ಲಿ ಒಂದು ಲೇಖನ ಬರೆದ. ವಿಷಯ ಸಾವನದುರ್ಗದ ಒರಟು ಕಲ್ಲುಗಳ ಸ್ಮಶಾನ. ಕಾಡಿನ ನೆಲದ ಮೇಲೆ ಬಳೆಯಂತೆ ದುಂಡಗೆ ನೆಟ್ಟ ಗುಂಡುಕಲ್ಲುಗಳು; ಆ ಬಳೆಯ ನಡುವೆ ಮಣ್ಣಿನಲ್ಲಿ ಹುದುಗಿದ ಕಲ್ಲುಚಪ್ಪಡಿಗಳ ಪೆಟ್ಟಿಗೆ. ಭೂಮಾಪಕನ ಕೆಲಸ ಬೆಟ್ಟದ ನೆತ್ತಿಯನ್ನು ಅಳೆಯುವುದು. ಈತನ ಕಣ್ಣು ಬುಡದ ಕಡೆಗೂ ಹರಿದದ್ದು ನಮ್ಮ ಭಾಗ್ಯ. ಮೈಸೂರು ಸಂಸ್ಥಾನದ ಪುರಾತತ್ತ್ವ ಇಲಾಖೆ ಹುಟ್ಟಿದ್ದು 1885ರಲ್ಲಿ; ಅದಕ್ಕೂ ನಾಲ್ಕು ವರ್ಷ ಮೊದಲೇ ಈ ಸಮಾಧಿಗಳು ಅಚ್ಚಿನಲ್ಲಿ ದಾಖಲೆಗೊಂಡಿದ್ದವು.

ವಿದ್ವಾಂಸರು ಇವರನ್ನು ಬೃಹತ್ ಶಿಲಾ ಸಂಸ್ಕೃತಿಯ ಜನರೆಂದು ಕರೆಯುತ್ತಾರೆ. ತಾವು ಯಾರೆಂದು ಬರೆದಿಡುವ ಲಿಪಿ ಇವರಿಗೆ ಇರಲಿಲ್ಲವಾದ್ದರಿಂದ ಕಲ್ಲಿನಿಂದಲೇ ಹೆಸರು ಪಡೆಯಬೇಕಾಯಿತು. ದಕ್ಷಿಣ ಭಾರತಕ್ಕೆ ಕಬ್ಬಿಣ ಬಂದ ಕಾಲದವರು. ಕ್ರಿಸ್ತಪೂರ್ವ 1200ರ ಸುಮಾರಿನಿಂದ ಕ್ರಿಸ್ತಶಕದ ಮೊದಲ ಶತಮಾನಗಳವರೆಗೆ ಇವರ ಆಚಾರ ನಡೆದುಬಂತು. ಅಂದರೆ ಬುದ್ಧ ಹುಟ್ಟುವುದಕ್ಕೆ ಮೊದಲೇ ಆರಂಭವಾಗಿ, ಅಶೋಕ ಬ್ರಹ್ಮಗಿರಿಯಲ್ಲಿ ಶಾಸನ ಕೆತ್ತಿಸಿದಾಗಲೂ ಇವರು ಸತ್ತವರಿಗೆ ಕಲ್ಲು ನೆಡುತ್ತಲೇ ಇದ್ದರು. ಆ ಬ್ರಹ್ಮಗಿರಿ ಇರುವುದು ಚಿತ್ರದುರ್ಗದ ಮೊಳಕಾಲ್ಮೂರಿನ ಬಳಿ. ಮೈಸೂರಿನ ಡಾ. ಎಂ. ಎಚ್. ಕೃಷ್ಣ ಅವರು ಅಲ್ಲಿ ಮೊದಲು ಅಗೆದರು. ಅವರ ತರುವಾಯ 1947ರಲ್ಲಿ ಮಾರ್ಟಿಮರ್ ವ್ಹೀಲರ್ ಅಗೆಸಿದಾಗ ಸಮಾಧಿಯ ಒಳರಚನೆ ಸ್ಪಷ್ಟವಾಯಿತು. ನಾಲ್ಕು ಚಪ್ಪಡಿಗಳನ್ನು, ಒಂದರ ಅಂಚು ಮತ್ತೊಂದನ್ನು ಮೀರಿ ಚಾಚುವಂತೆ, ಸ್ವಸ್ತಿಕದ ಆಕಾರದಲ್ಲಿ ಒಂದಕ್ಕೊಂದು ಒತ್ತುಕೊಟ್ಟು ನಿಲ್ಲಿಸಿದ್ದರು. ಮೂಡಣದ ಚಪ್ಪಡಿಯಲ್ಲಿ ತಲೆ ತೂರುವಷ್ಟು ದುಂಡಗಿನ ಒಂದು ಕಂಡಿ. ಒಳಗೆ ಮಡಕೆಗಳು, ಕಬ್ಬಿಣದ ಆಯುಧ ಉಪಕರಣಗಳು, ಮಣಿಗಳು, ಮನುಷ್ಯರ ಮೂಳೆಗಳು. ಸತ್ತ ಕೂಡಲೇ ಹೂಳಿದ ದೇಹಗಳಲ್ಲ ಅವು. ದೇಹವನ್ನು ಬೇರೆಡೆ ಇರಿಸಿ, ಉಳಿದ ಮೂಳೆಗಳನ್ನು ಆಯ್ದು ತಂದು ಇಟ್ಟದ್ದು. ಒಂದೇ ಪೆಟ್ಟಿಗೆಯಲ್ಲಿ ಹಲವರ ಮೂಳೆಗಳು ಸೇರಿರುತ್ತಿದ್ದವು. ಇದು ಮನೆತನದ ಸಮಾಧಿಯೆಂದೂ, ಪ್ರತಿ ಸಾವಿಗೂ ಆ ಕಂಡಿ ಬಾಗಿಲಾಗುತ್ತಿತ್ತೆಂದೂ ಊಹಿಸಿದರೆ ಅತಿಯಾಗಲಾರದು.

ಮಡಕೆಗಳ ವಿಷಯದಲ್ಲಿ ಒಂದು ಮಾತು. ಇವರ ಮಡಕೆಯ ಒಳಗೂ ಕಂಠವೂ ಕಪ್ಪು, ಹೊರಮೈ ಕೆಂಪು. ಎರಡು ಬಣ್ಣ ಬಳಿದದ್ದಲ್ಲ. ಆವಿಗೆಯಲ್ಲಿ ಮಡಕೆಯನ್ನು ಬೋರಲು ಹಾಕಿ ಸುಟ್ಟಾಗ ಗಾಳಿಯಾಡದ ಒಳಭಾಗ ಕಪ್ಪಾಗುತ್ತದೆ, ಗಾಳಿ ತಗಲಿದ ಹೊರಭಾಗ ಕೆಂಪಾಗುತ್ತದೆ. ಹೊಲದಲ್ಲಿ ನೇಗಿಲಿಗೆ ಸಿಕ್ಕ ಬೋಕಿಬಿಲ್ಲೆ ಒಂದು ಕಡೆ ಕಪ್ಪಗೆ, ಮತ್ತೊಂದು ಕಡೆ ಕೆಂಪಗೆ, ಕೈಗೆ ನುಣುಪಾಗಿ ಹತ್ತಿದರೆ ಅದನ್ನು ಎಸೆಯುವ ಮೊದಲು ಒಂದು ಗಳಿಗೆ ನೋಡಬೇಕು.

ಇಂಥ ಸಮಾಧಿಗಳು ಕರ್ನಾಟಕದಲ್ಲಿ ಇಲ್ಲಿ ಮಾತ್ರ ಇರುವುವೆಂದಲ್ಲ. ಬೆಂಗಳೂರಿನ ಮೂಡಲಿಗೆ ಹೊಸಕೋಟೆಯ ಜಡಿಗೇನಹಳ್ಳಿಯಲ್ಲಿ ಡಾ. ಎಂ. ಶೇಷಾದ್ರಿಯವರು 1957ರಲ್ಲಿ ಅಗೆಸಿದರು. ಕೊಪ್ಪಳದ ಹಿರೇಬೆಣಕಲ್ಲಿನ ಗುಡ್ಡದ ಮೇಲಂತೂ ಕಲ್ಲಿನ ಮನೆಗಳ ಒಂದು ಊರೇ ನಿಂತಿದೆ. 2021ರಲ್ಲಿ ಅದು ವಿಶ್ವಪರಂಪರೆಯ ತಾಣವಾಗುವ ಯೋಗ್ಯತೆಯುಳ್ಳ ಸ್ಥಳಗಳ ಪಟ್ಟಿಗೂ ಸೇರಿತು. ಇಂಗ್ಲೆಂಡಿನ ಸ್ಟೋನ್‌ಹೆಂಜಿನ ಚಿತ್ರವನ್ನು ನಮ್ಮ ಮಕ್ಕಳು ಪಾಠಪುಸ್ತಕದಲ್ಲಿ ನೋಡಿ ಬೆರಗಾಗುತ್ತಾರೆ. ಮಾಗಡಿಯ ಬೆಟ್ಟದ ಬುಡಕ್ಕೆ ಹೋಗಲು ಹಡಗು ಬೇಕಾಗಿಲ್ಲ, ಬಸ್ಸು ಸಾಕು ಎಂಬುದನ್ನು ಅವರಿಗೆ ಯಾರೂ ಹೇಳುವುದಿಲ್ಲ.

ಈ ಜನ ತಮ್ಮವರನ್ನು ಮಲಗಿಸಲು ಬಂಡೆಯ ಬುಡವನ್ನೇ ಏಕೆ ಆರಿಸಿಕೊಂಡರು? ಉಳುಮೆಗೆ ಬಾರದ ನೆಲ ಸತ್ತವರಿಗೆ, ಮಣ್ಣಿರುವ ನೆಲ ಬದುಕಿರುವವರಿಗೆ ಎಂಬ ವಿವೇಕ ಒಂದು ಕಾರಣವಿರಬೇಕು. ಆದರೆ ಇನ್ನೊಂದು ಕಾರಣ ಬಂಡೆಯೇ. ಆಳದ ಒತ್ತಡದಿಂದ ಬಿಡುಗಡೆ ಪಡೆದ ಗ್ರಾನೈಟು ಈರುಳ್ಳಿಯ ಹಾಗೆ ಪದರಪದರವಾಗಿ ಸಡಿಲುತ್ತದೆ. ಸಾವನದುರ್ಗದ ಇಳಿಜಾರಿನಲ್ಲಿ ಕುಳಿತು ನೋಡಿದರೆ ಮೈಯಿಂದ ಅರ್ಧ ಎದ್ದುಬಂದ ದೊಡ್ಡ ದೊಡ್ಡ ಸಿಪ್ಪೆಗಳು ಕಾಣುತ್ತವೆ. ಪ್ರಕೃತಿ ಅರ್ಧ ಮಾಡಿಟ್ಟ ಈ ಕೆಲಸವನ್ನು ಮನುಷ್ಯ ಪೂರ್ತಿ ಮಾಡಿದ, ಬೆಂಕಿಯ ನೆರವಿನಿಂದ. ಬೆಂಗಳೂರಿನ ಸುತ್ತಿನ ಕಲ್ಲುಕುಟಿಗರು ಚಪ್ಪಡಿ ಎಬ್ಬಿಸುವ ಬಗೆಯನ್ನು ಎಚ್. ವಾರ್ತ್ ಎಂಬಾತ 1895ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ವರ್ಣಿಸಿದ್ದಾನೆ. ಬೋಳುಬಂಡೆಯ ಮೇಲೆ ಸೌದೆಯನ್ನು ಉದ್ದಕ್ಕೆ ಸಾಲಾಗಿ ಹಾಕಿ ಉರಿ ಕೊಡುತ್ತಾರೆ. ಉರಿಯ ಸಾಲನ್ನು ಮೆಲ್ಲಮೆಲ್ಲಗೆ ಮುಂದಕ್ಕೆ ತಳ್ಳುತ್ತ ಹೋಗುತ್ತಾರೆ. ಕಾದ ಮೇಲ್ಪದರ ಹಿಗ್ಗಿ ಕೆಳಗಿನ ತಣ್ಣನೆಯ ಕಲ್ಲಿನಿಂದ ಬಿಡಿಸಿಕೊಳ್ಳುತ್ತದೆ. ನುರಿತವನು ಸುತ್ತಿಗೆಯಿಂದ ತಟ್ಟಿ, ಹೊರಟ ಸದ್ದನ್ನು ಕೇಳಿ, ಕಲ್ಲು ಎಲ್ಲಿಯವರೆಗೆ ಬಿಟ್ಟಿದೆ ಎಂದು ಹೇಳಬಲ್ಲ. ಬಿಟ್ಟ ಚಪ್ಪಡಿಯನ್ನು ಉಳಿಯಿಂದ ಬೇಕಾದ ಅಳತೆಗೆ ಸೀಳುವುದು ಆಮೇಲಿನ ಕೆಲಸ. ಮೂರು ಸಾವಿರ ವರ್ಷದ ಹಿಂದಿನವರೂ ಇದೇ ಉಪಾಯವನ್ನು ಬಲ್ಲವರಾಗಿದ್ದರೆಂದು ವಿದ್ವಾಂಸರು ಊಹಿಸುತ್ತಾರೆ.

ಮೂರು ಮೀಟರು ಉದ್ದ, ಎರಡು ಮೀಟರು ಅಗಲ, ಗೇಣಿಗಿಂತ ಕಡಿಮೆ, 15 ಸೆಂಟಿಮೀಟರು ಮಾತ್ರ ದಪ್ಪವಿರುವ ಚಪ್ಪಡಿಯೊಂದನ್ನು ಕಲ್ಪಿಸಿಕೊಳ್ಳಿ. ಅದರ ತೂಕ 2400 ಕಿಲೋ ದಾಟುತ್ತದೆ. ನಲವತ್ತು ಜನ ಹಗ್ಗ ಹಿಡಿದರೆ ಒಬ್ಬೊಬ್ಬನ ಪಾಲಿಗೆ 60 ಕಿಲೋ. ಅದನ್ನು ಬೆಟ್ಟದಿಂದ ಇಳಿಸಿ, ಹಳ್ಳ ಹಾಯಿಸಿ, ಗುಣಿಯಲ್ಲಿ ನಿಲ್ಲಿಸಬೇಕು. ಅಂಥವು ನಾಲ್ಕು, ಮೇಲೆ ಮುಚ್ಚಲು ಒಂದು. ಸುಗ್ಗಿ ಮುಗಿದು ಕೈ ಬಿಡುವಾದ ದಿನಗಳಲ್ಲಿ ಊರಿಗೆ ಊರೇ ಸೇರದೆ ಇದು ಆಗುವ ಮಾತಲ್ಲ. ನಲವತ್ತು ಜನರ ಊಟಕ್ಕೆ ಕಣಜದಲ್ಲಿ ಧಾನ್ಯವೂ ಇರಬೇಕು, ಬಾ ಎಂದರೆ ಬರುವ ನೆಂಟಸ್ತಿಕೆಯೂ ಇರಬೇಕು. ಲಿಪಿಯಿಲ್ಲದ ಜನರ ವಿಷಯದಲ್ಲಿ ಇಷ್ಟನ್ನು ಒಂದು ಕಲ್ಲು ಹೇಳಬಲ್ಲದಾದರೆ ಅದು ಅನೇಕ ಶಾಸನಗಳು ಹೇಳುವುದಕ್ಕಿಂತ ಹೆಚ್ಚು.

ಇವರ ತರುವಾಯ ಈ ಸೀಮೆಗೆ ಅಕ್ಷರ ಬಂತು. ಏಳನೆಯ ಶತಮಾನದಲ್ಲಿ ಗಂಗರ ಅರಸರು ನೆಲಸಿದ್ದ ಮಾನ್ಕುಂದ ಚನ್ನಪಟ್ಟಣ ತಾಲ್ಲೂಕಿನ ಮಂಕುಂದವೇ ಎಂದು ಬಿ. ಎಲ್. ರೈಸ್ ಗುರುತಿಸಿದರು. ಅವರು 1905ರಲ್ಲಿ ಪ್ರಕಟಿಸಿದ ‘ಎಪಿಗ್ರಾಫಿಯ ಕರ್ನಾಟಿಕ’ದ ಒಂಬತ್ತನೆಯ ಸಂಪುಟದಲ್ಲಿ ಈ ನಾಲ್ಕು ತಾಲ್ಲೂಕುಗಳ ಶಾಸನಗಳು ಸೇರಿವೆ. ತುರು ಕಾಯುತ್ತ ಸತ್ತವನಿಗೆ, ಊರು ಉಳಿಸಲು ಹೋರಾಡಿ ಬಿದ್ದವನಿಗೆ ವೀರಗಲ್ಲು ನಿಲ್ಲಿಸುವ ಕನ್ನಡನಾಡಿನ ವಾಡಿಕೆ ಆ ಹಳೆಯ ಜನರ ವಾಡಿಕೆಯ ಮೊಮ್ಮಗುವೋ ಏನೋ. ಸತ್ತವರಿಗೊಂದು ಕಲ್ಲು ಎಂಬ ಭಾವನೆ ಮಾತ್ರ ಎರಡರಲ್ಲಿಯೂ ಒಂದೇ.

ಹಳ್ಳಿಯ ಜನಕ್ಕೆ ಈ ಸಮಾಧಿಗಳು ಸಮಾಧಿಗಳಲ್ಲ, ಮನೆಗಳು. ದನ ಕಾಯುವ ಮುದುಕನನ್ನು ಕೇಳಿದರೆ, “ಅವು ಪಾಂಡವರ ಮನೆ ಸ್ವಾಮಿ. ವನವಾಸದಲ್ಲಿ ಇಲ್ಲೇ ಇದ್ದರಂತೆ. ಭೀಮ ಒಬ್ಬನೇ ಹೊತ್ತು ತಂದ ಚಪ್ಪಡಿ ಅದು” ಎನ್ನುತ್ತಾನೆ. ಕನ್ನಡನಾಡಿನ ಎಷ್ಟೋ ಕಡೆ ಇದೇ ಕಥೆ. ಹಿರೇಬೆಣಕಲ್ಲಿನಲ್ಲಿ ಅದು ಮೋರ್ಯರ ಗುಡ್ಡ. ಮೋರ್ಯರೆಂದರೆ ಹಿಂದೆ ಬಾಳಿದ ಕುಳ್ಳ ಜನರಂತೆ. ಮನೆ ಸಣ್ಣದು, ಕಲ್ಲು ದೊಡ್ಡದು. ಆದ್ದರಿಂದ ಒಂದೋ ಇದ್ದವರು ಕುಳ್ಳರಾಗಿರಬೇಕು, ಇಲ್ಲವೇ ಕಟ್ಟಿದವರು ಭೀಮರಾಗಿರಬೇಕು. ಪಟ್ಟಣದ ಪಂಡಿತರು ಈ ಕಥೆಗಳನ್ನು ಕೇಳಿ ನಗುವುದುಂಟು, ನಗಬೇಕಾಗಿಲ್ಲ. ಈ ಕಲ್ಲುಗಳನ್ನು ಇಷ್ಟು ದಿನ ಕಾಪಾಡಿದ್ದು ಯಾವ ಇಲಾಖೆಯೂ ಅಲ್ಲ, ಈ ಕಥೆಯೇ. ಪಾಂಡವರ ಮನೆಯ ಚಪ್ಪಡಿಯನ್ನು ಕೀಳಲು ಅಜ್ಜನ ಕೈ ಅಂಜುತ್ತಿತ್ತು.

ಮೊಮ್ಮಗನ ಕೈ ಅಷ್ಟಾಗಿ ಅಂಜುವುದಿಲ್ಲ. ಕಥೆ ಸವೆದಂತೆ ಕಲ್ಲಿಗೆ ಬೇರೆ ಉಪಯೋಗಗಳು ಕಾಣುತ್ತವೆ. ಮೇಲಿನ ಮುಚ್ಚುಗಲ್ಲು ಬಟ್ಟೆ ಒಗೆಯುವ ಕಲ್ಲಾಗುತ್ತದೆ, ಕಾಲುವೆಗೆ ಹಾಸುಗಲ್ಲಾಗುತ್ತದೆ. ದುಂಡಗೆ ನೆಟ್ಟ ಗುಂಡುಗಳು ಬದುವಿಗೆ ಸೇರುತ್ತವೆ. ನಿಧಿಯ ಆಸೆಯಿಂದ ರಾತ್ರಿ ಅಗೆಯುವವರದು ಇನ್ನೊಂದು ಕಾಟ. ಅವರಿಗೆ ಸಿಕ್ಕುವುದು ಒಡೆದ ಮಡಕೆ, ತುಕ್ಕು ಹಿಡಿದ ಕಬ್ಬಿಣ. ಸಿಟ್ಟಿನಿಂದ ಅದನ್ನೂ ಪುಡಿಮಾಡಿ ಹೋಗುತ್ತಾರೆ. ಎರಡು ಎಕರೆ ನೆಲವನ್ನು ನಂಬಿರುವ ರೈತ ಹೊಲದ ನಡುವಿನ ಕಲ್ಲಿನ ಬಳೆಯನ್ನು ತೆಗೆದು ಒಂದು ಸಾಲು ರಾಗಿ ಹೆಚ್ಚಿಗೆ ಹಾಕಿದರೆ ಅವನನ್ನು ದೂರುವುದು ಸುಲಭ. ಅವನಿಗೆ ಅದರ ಬೆಲೆಯನ್ನು ಹೇಳಿದವರಾದರೂ ಯಾರು?

ದೊಡ್ಡ ಅಪಾಯ ಬಂದಿರುವುದು ಬೆಟ್ಟದ ಕಡೆಯಿಂದಲೇ. ಕನಕಪುರ, ಮಾಗಡಿಗಳ ನಸುಗೆಂಪು ಗ್ರಾನೈಟಿಗೆ ದೇಶವಿದೇಶಗಳಲ್ಲಿ ಬೇಡಿಕೆಯುಂಟು. ಬೆಂಗಳೂರು ಬೆಳೆದಂತೆಲ್ಲ ಅದರ ರಸ್ತೆಗಳಿಗೂ ಮಹಡಿಗಳಿಗೂ ಜಲ್ಲಿ ಬೇಕು, ಈಗ ಮರಳಿನ ಬದಲಿಗೂ ಕಲ್ಲಿನ ಪುಡಿಯೇ ಬೇಕು. ಸೌದೆಯ ಉರಿಯಿಂದ ದಿನಕ್ಕೊಂದು ಚಪ್ಪಡಿ ಎಬ್ಬಿಸುತ್ತಿದ್ದ ಕಾಲ ಹೋಗಿ ಯಂತ್ರದ ಕಾಲ ಬಂದಿದೆ. ಗುಡ್ಡವೊಂದು ಒಂದು ತಲೆಮಾರಿನಲ್ಲಿ ಹೊಂಡವಾಗಬಲ್ಲದು. ಕಲ್ಲುಗಣಿ ಬೇಡವೇ ಬೇಡ ಎನ್ನುವುದು ಕಲ್ಲಿನ ಮನೆಯಲ್ಲಿ ಕುಳಿತವರ ಬಾಯಲ್ಲಿ ಚೆನ್ನಾಗಿರುವುದಿಲ್ಲ. ಕಬ್ಬಾಳದ ಗಣಿ ಇಲ್ಲದಿದ್ದರೆ ಪಿಚ್ಚಮುತ್ತು ಅವರಿಗೆ ಬಂಡೆಯ ಒಡಲು ಕಾಣುತ್ತಲೂ ಇರಲಿಲ್ಲ. ಯಾವ ಗುಡ್ಡವನ್ನು ಒಡೆಯಬೇಕು, ಯಾವುದನ್ನು ಬಿಡಬೇಕು ಎಂದು ಗೆರೆ ಎಳೆಯುವವರ ಕೈಯಲ್ಲಿ ಸಮಾಧಿಗಳ ನಕ್ಷೆಯೊಂದು ಇರಬೇಕೆಂಬುದಷ್ಟೇ ಕೇಳಬೇಕಾದದ್ದು.

ಕಾನೂನು ಇಲ್ಲವೆಂದಲ್ಲ. ರಾಷ್ಟ್ರದ ಸ್ಮಾರಕಗಳಿಗೆ 1958ರ ಅಧಿನಿಯಮವಿದೆ. 2010ರ ತಿದ್ದುಪಡಿಯ ಪ್ರಕಾರ ಅಂಥ ಸ್ಮಾರಕದ ಸುತ್ತ 100 ಮೀಟರುವರೆಗೆ ಕಟ್ಟಡಕ್ಕೂ ಗಣಿಗೂ ನಿಷೇಧ, ಅದರಾಚೆ 200 ಮೀಟರು ನಿಯಂತ್ರಣ. ರಾಜ್ಯದ್ದೇ ಆದ 1961ರ ಅಧಿನಿಯಮವೂ ಇದೆ. ಆದರೆ ಈ ರಕ್ಷಣೆ ಸಿಕ್ಕುವುದು ಪಟ್ಟಿಯಲ್ಲಿ ಹೆಸರಿರುವ ಸ್ಮಾರಕಗಳಿಗೆ. ಕೋಟೆಗೆ ಹೆಸರಿದೆ, ಗುಡಿಗೆ ಹೆಸರಿದೆ. ಬೇಲಿಯ ಮರೆಯಲ್ಲಿ ಹತ್ತು ಗುಂಡುಕಲ್ಲುಗಳು ದುಂಡಗೆ ಕುಳಿತಿದ್ದರೆ ಅದಕ್ಕೆ ಯಾವ ಹೆಸರು ಬರೆಯುವುದು?

ರಾಮದೇವರ ಬೆಟ್ಟಕ್ಕೆ ಈ ವಿಷಯದಲ್ಲಿ ಒಂದು ವಿಚಿತ್ರವಾದ ಅದೃಷ್ಟ ಒದಗಿತು. ಅದನ್ನು ಕಾಯಲು ಬಂದವು ಹದ್ದುಗಳು, ಹದ್ದಲ್ಲ, ರಣಹದ್ದುಗಳು. ನೆಟ್ಟಗಿನ ಬಂಡೆಯ ಚಾಚುಗಳಲ್ಲಿ ಗೂಡು ಕಟ್ಟುವ ಉದ್ದಕೊಕ್ಕಿನ ರಣಹದ್ದುಗಳು ಇಲ್ಲಿ ಉಳಿದುಕೊಂಡಿದ್ದುದರಿಂದ 2012ರಲ್ಲಿ ಸುಮಾರು 346 ಹೆಕ್ಟೇರು ಪ್ರದೇಶವನ್ನು ರಣಹದ್ದುಗಳ ಧಾಮವೆಂದು ಸರ್ಕಾರ ಘೋಷಿಸಿತು. ಹೆಣ ತಿನ್ನುವ ಹಕ್ಕಿಯೆಂದು ಮುಖ ತಿರುಗಿಸುತ್ತಿದ್ದ ಜನ ಈಗ ಅದನ್ನು ನೋಡಲು ದುರ್ಬೀನು ತರುತ್ತಾರೆ. ಹಕ್ಕಿಯ ಸಲುವಾಗಿ ಬಂಡೆ ಉಳಿಯಿತು. ಸತ್ತ ದೇಹವನ್ನು ಬಯಲಿಗಿಟ್ಟು ಮೂಳೆಗಳನ್ನು ಆಯ್ದು ತರುತ್ತಿದ್ದ ಆ ಹಳೆಯ ಜನ ಈ ಹಕ್ಕಿಯ ಪೂರ್ವಿಕರನ್ನು ಚೆನ್ನಾಗಿಯೇ ಬಲ್ಲವರಾಗಿದ್ದಿರಬೇಕು.

ಹೋಗಿ ನೋಡಬೇಕೆನ್ನುವವರಿಗೆ ಎರಡು ಮಾತು. ಮಳೆಗಾಲದಲ್ಲಿ ಸಾವನದುರ್ಗದ ಬಂಡೆ ಪಾಚಿಗಟ್ಟಿ ಜಾರುತ್ತದೆ, ಬೇಸಗೆಯಲ್ಲಿ ಕಾವಲಿಯಂತೆ ಸುಡುತ್ತದೆ; ಕಾರ್ತಿಕದಿಂದ ಮಾಘದವರೆಗೆ ಹಿತ. ಬೆಂಗಳೂರಿನಿಂದ ಮಾಗಡಿಯ ರಸ್ತೆಯಲ್ಲಿ ಬೆಳಗ್ಗೆ ಹೊರಟರೆ ಬಿಸಿಲೇರುವ ಮೊದಲೇ ಬುಡದ ವೀರಭದ್ರಸ್ವಾಮಿ, ನರಸಿಂಹಸ್ವಾಮಿಯರ ಗುಡಿಗಳನ್ನು ತಲುಪಬಹುದು. ಹತ್ತುವವರು ಹತ್ತಲಿ. ಹತ್ತಲಾರದ ಹಿರಿಯರೂ ಮಕ್ಕಳೂ ಬುಡದಲ್ಲಿಯೇ ತಿರುಗಾಡಿದರೆ ನಷ್ಟವೇನಿಲ್ಲ. ಕಲ್ಲನ್ನು ಕದಲಿಸಬಾರದು, ಬೋಕಿಬಿಲ್ಲೆಯನ್ನು ಜೇಬಿಗೆ ಹಾಕಿಕೊಳ್ಳಬಾರದು. ದಾರಿ ಕೇಳುವಾಗ ಬೃಹತ್ ಶಿಲಾ ಸಮಾಧಿ ಎಂದರೆ ಯಾರಿಗೂ ತಿಳಿಯುವುದಿಲ್ಲ. ಸರ್ಕಾರದ ಕಡೆಯವರೆಂದು ತಿಳಿದು ಮಾತೇ ನಿಲ್ಲಿಸಿಬಿಡುವುದೂ ಉಂಟು. ಪಾಂಡವರ ಮನೆ ಎಲ್ಲಿ ಎಂದು ಕೇಳಬೇಕು. ಆಗ ಮುದುಕ ದನಗಳನ್ನು ಮೊಮ್ಮಗನಿಗೆ ಒಪ್ಪಿಸಿ, ಕೋಲು ಊರಿಕೊಂಡು, ತಾನೇ ಮುಂದಾಗಿ ನಡೆಯುತ್ತಾನೆ.